ಲಾಂಛನಕ್ಕೆ ಎಷ್ಟು ಕೊಡ್ತೀರಿ ಸ್ವಾಮಿ?

ಮೊನ್ನೆ ಭಾವ ಫೋನ್ ಮಾಡಿದ್ರು. "ಹತ್ತು ಲಕ್ಷದ ಆಸುಪಾಸಲ್ಲಿ ಒಂದು ಟೊಯೋಟಾ ತಗೊಳ್ಳೋಣ ಅಂತಿದ್ದೀನಿ ಕಣಯ್ಯ. ಟೊಯೋಟಾ ಅಂದ್ರೆ ಕಣ್ಮುಚ್ಚಿ ತಗೋಬಹುದು, ಅಲ್ವಾ?"

"ಭಾವ, ಆ ದುಡ್ಡಿಗೆ ಸಿಗೋದು ಮಾರುತಿ. ಮುಂದಿರೋ ಲಾಂಛನ ಮಾತ್ರ ಟೊಯೋಟಾದ್ದು" ಅಂದೆ. ಭಾವನಿಗೆ ಸಿಟ್ಟು ಬಂತು. ಆದ್ರೆ ನಾನು ಹೇಳಿದ್ದರಲ್ಲಿ ಸುಳ್ಳೇನಿದೆ? ನೀವೇ ನೋಡಿ.

2019ರಲ್ಲಿ ಬಂದ ಗ್ಲಾಂಜಾ ಅಂದ್ರೆ ಬಲೆನೊ. 2023ರ ರೂಮಿಯಾನ್ ಅಂದ್ರೆ ಎರ್ಟಿಗಾ. 2024ರಲ್ಲಿ 7.73 ಲಕ್ಷಕ್ಕೆ ಶುರುವಾದ ಟೈಸರ್ ಅಂದ್ರೆ ಫ್ರಾಂಕ್ಸ್. ಎಂಜಿನ್ ಸುಜುಕಿಯದ್ದು, ಬಾಡಿ ಸುಜುಕಿಯದ್ದು. ಗ್ಲಾಂಜಾ ತಯಾರಾಗೋದು ನಮ್ಮ ಬಿಡದಿಯಲ್ಲೂ ಅಲ್ಲ, ಗುಜರಾತಿನ ಸುಜುಕಿ ಕಾರ್ಖಾನೆಯಲ್ಲಿ. ಬಂಪರ್, ಗ್ರಿಲ್, ಚಕ್ರದ ವಿನ್ಯಾಸ ಸ್ವಲ್ಪ ಬದಲಾಗಿರುತ್ತೆ ಅಷ್ಟೆ.

ಇದು ಕದ್ದುಮುಚ್ಚಿ ಮಾಡಿದ ಕೆಲಸವೇನೂ ಅಲ್ಲ ಬಿಡಿ. ಎರಡೂ ಕಂಪನಿಗಳು ಬಹಿರಂಗವಾಗಿಯೇ ಒಪ್ಪಂದ ಮಾಡಿಕೊಂಡಿವೆ, 2019ರಲ್ಲಿ ಸುಜುಕಿಯ ಸುಮಾರು 4.94% ಷೇರನ್ನೂ ಟೊಯೋಟಾ ಕೊಳ್ಳುವುದಾಗಿ ಪ್ರಕಟಿಸಿತು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇದೆ. ಬಿಡದಿಯ ಇನ್ನೋವಾ ಹೈಕ್ರಾಸ್ ಅನ್ನೇ ಮಾರುತಿಯವರು 2023ರಿಂದ ಇನ್ವಿಕ್ಟೊ ಅಂತ ಮಾರ್ತಾರೆ.

ಆದ್ರೆ ಈ ವ್ಯಾಪಾರದಲ್ಲಿ ಯಾರಿಗೆ ಯಾವ ಪಾಲು ಬಂತು ನೋಡಿ. ಕಡಿಮೆ ದುಡ್ಡಿನವನಿಗೆ ಲಾಂಛನ, ಹೆಚ್ಚು ದುಡ್ಡಿನವನಿಗೆ ಕಾರು! ನನ್ನ ತಕರಾರು ಇರೋದು ಇಲ್ಲೇ.

ಮೊದಲು ಹೀಗಿರಲಿಲ್ಲ. 2000ದಲ್ಲಿ ಬಿಡದಿಯಿಂದ ಕ್ವಾಲಿಸ್ ಬಂತು. ನೋಡೋಕೆ ಬ್ರೆಡ್ ಪೆಟ್ಟಿಗೆ ಥರ ಇತ್ತು, ನಿಜ. ಆದ್ರೆ ಬೆಂಗಳೂರಿನ ಕಾಲ್ ಸೆಂಟರ್ ಹುಡುಗರನ್ನು ರಾತ್ರಿಯಿಡೀ ಹೊತ್ತು ತಿರುಗಿದ್ದು ಅದೇ. 2010ರ ಡಿಸೆಂಬರಿನಲ್ಲಿ ಭಾರತಕ್ಕೆಂದೇ ಮಾಡಿದ ಇಟಿಯೋಸ್ 4.96 ಲಕ್ಷಕ್ಕೆ ಬಂತು. ಮರುವರ್ಷ ಲಿವಾ, 3.99 ಲಕ್ಷ. ಮೀಟರನ್ನು ಡ್ಯಾಶ್‌ಬೋರ್ಡಿನ ನಡುವೆ ಇಟ್ಟಿದ್ದಾರೆ ಅಂತ ಜನ ನಕ್ಕರು. ನಗಲಿ, ಅದು ಟೊಯೋಟಾದವರೇ ಮಾಡಿದ ಕಾರು. ಎಷ್ಟು ಕಿಲೋಮೀಟರ್ ಓಡುತ್ತೆ ಅಂತ ಯಾವ ಟ್ಯಾಕ್ಸಿ ಡ್ರೈವರನ್ನಾದರೂ ಕೇಳಿ!

2020ರಲ್ಲಿ ಇಟಿಯೋಸ್, ಲಿವಾ, ಕೊರೊಲಾ ಆಲ್ಟಿಸ್ ಮೂರೂ ಹೋದವು. 2021ರಲ್ಲಿ ಯಾರಿಸ್ ಕೂಡ ಹೋಯ್ತು. ಆ ಮೆಟ್ಟಿಲುಗಳ ಜಾಗಕ್ಕೆ ಬಂದದ್ದು ಸುಜುಕಿಯಿಂದ ತಂದ ಮೆಟ್ಟಿಲುಗಳು. ನಡುವೆ 2022ರ ಹೈರೈಡರ್ ಒಂದಿದೆ. ತಳಪಾಯ ಸುಜುಕಿಯದ್ದಾದರೂ ಸ್ಟ್ರಾಂಗ್ ಹೈಬ್ರಿಡ್ ಮಾದರಿಯಲ್ಲಿ ಟೊಯೋಟಾದ ನಿಜವಾದ ವಿದ್ಯೆ ಇದೆ. ಕಂಪನಿ ಹೇಳೋ ಮೈಲೇಜ್ ಲೀಟರಿಗೆ 27.97 ಕಿ.ಮೀ. ಭೇಷ್ ಅನ್ನೋಣ. ಆದ್ರೆ ಜಾಹೀರಾತಿನ 10.48 ಲಕ್ಷಕ್ಕೆ ಸಿಕ್ತಿದ್ದದ್ದು ಅದಲ್ಲ. ಬಂದಾಗ ಸ್ಟ್ರಾಂಗ್ ಹೈಬ್ರಿಡ್ ಶುರುವಾಗಿದ್ದೇ 15.11 ಲಕ್ಷದಿಂದ. ಇಡೀ ಕಾರೇ ಟೊಯೋಟಾದ್ದಾಗಿರಬೇಕು ಅಂದ್ರೆ ಇನ್ನೋವಾಕ್ಕೇ ಹತ್ತಬೇಕು. ಹೈಕ್ರಾಸ್ 2022ರ ಕೊನೆಯಲ್ಲಿ ಬಂದಾಗ 18.30 ಲಕ್ಷ. ಅದರಾಚೆ ಫಾರ್ಚೂನರ್, 48 ಲಕ್ಷಕ್ಕೆ ಬಂದ ಹೊಸ ಕ್ಯಾಮ್ರಿ, ಕೋಟಿ ದಾಟಿದ ವೆಲ್‌ಫೈರ್... ಅವು ನಮ್ಮಂಥವರು ಟ್ರಾಫಿಕ್ಕಿನಲ್ಲಿ ನೋಡಿ ಸಂತೋಷಪಡೋಕೆ.

"ವಾರಂಟಿ ಜಾಸ್ತಿ ಕೊಡ್ತಾರಲ್ಲ" ಅಂತ ಕೆಲವರು ವಾದ ಮಾಡ್ತಾರೆ. ಗ್ಲಾಂಜಾ ಬಂದ ಹೊಸದರಲ್ಲಿ ಆ ಮಾತಿಗೆ ಅರ್ಥವಿತ್ತು. ಟೊಯೋಟಾ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಕೊಡ್ತಿತ್ತು, ಮಾರುತಿ 2 ವರ್ಷ ಅಥವಾ 40 ಸಾವಿರ. ಆದ್ರೆ 2024ರ ಜುಲೈನಲ್ಲಿ ಮಾರುತಿಯೂ 3 ವರ್ಷ, 1 ಲಕ್ಷ ಕಿ.ಮೀ. ಮಾಡಿತು. ಆ ವಾದ ಅಲ್ಲಿಗೆ ಮುಗೀತು. ಇನ್ನು ಉಳಿದದ್ದು ಸರ್ವಿಸ್. ಟೊಯೋಟಾ ಸರ್ವಿಸ್ಸಿಗೆ ಒಳ್ಳೆ ಹೆಸರಿದೆ, ಒಪ್ಪಿದೆ. ಅದು ಬೇಕು ಅಂತ ತಿಳಿದೇ ತಗೊಳ್ಳೋರು ತಗೊಳ್ಳಲಿ. ತಿಳಿಯದೆ ಲಾಂಛನ ನೋಡಿ ತಗೊಳ್ಳೋರ ಬಗ್ಗೆ ನನ್ನ ಸಂಕಟ.

ಕಂಪನಿಯನ್ನೊಂದೇ ಬೈದರೆ ಅನ್ಯಾಯವಾದೀತು. ತೆರಿಗೆ ಜಾಸ್ತಿ ಅಂತ 2020ರಲ್ಲಿ ಟೊಯೋಟಾ ಕಿರ್ಲೋಸ್ಕರಿನ ಹಿರಿಯರೊಬ್ಬರು ಬಹಿರಂಗವಾಗಿಯೇ ಗೊಣಗಿದ್ದರು. ಸುಳ್ಳಲ್ಲ. ನಮ್ಮ ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆಯೇ 17%, ಅದರ ಮೇಲೆ ಸೆಸ್. 18.30 ಲಕ್ಷಕ್ಕೆ ಲೆಕ್ಕ ಹಾಕಿ, ಸೆಸ್ ಬಿಟ್ಟೇ 3.11 ಲಕ್ಷ ಆಗುತ್ತೆ. ಅಂದಿನ ಇಟಿಯೋಸ್ ಬೆಲೆಯಲ್ಲಿ ಅರ್ಧಕ್ಕಿಂತ ಹೆಚ್ಚು! ಕಾರು ಹುಟ್ಟೋದು ಬಿಡದಿಯಲ್ಲಿ, ಕೊಳ್ಳೋನು ಕೆಂಗೇರಿಯಲ್ಲಿ, ನಡುವೆ ಇಷ್ಟು ಸುಂಕ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಾಗಲೂ ಗ್ಲಾಂಜಾಕ್ಕೆ ಹೆಚ್ಚೆಂದರೆ 85,300 ರೂಪಾಯಿ ಇಳೀತು, ಫಾರ್ಚೂನರಿಗೆ 3.49 ಲಕ್ಷದವರೆಗೆ. ಲೆಕ್ಕಾಚಾರದಲ್ಲಿ ಅದು ಸರಿಯೇ ಇರಬಹುದು, ಮನಸ್ಸಿಗೆ ಮಾತ್ರ ಹಿಡಿಸೋಲ್ಲ.

ಆದ್ರೂ ತೆರಿಗೆ ಅನ್ನೋದು ಪೂರ್ತಿ ನೆಪ ಆಗಬಾರದು. ಅದೇ ತೆರಿಗೆಯೊಳಗೆ ಬೇರೆ ಕಂಪನಿಗಳು ತಮ್ಮದೇ ಸಣ್ಣ ಕಾರು ಮಾಡಿ ಮಾರ್ತಿವೆ. ಜಗತ್ತಿನ ಅತಿ ದೊಡ್ಡ ಕಾರು ಕಂಪನಿಗೆ ಆಗೋಲ್ಲವೇ? ಆಗುತ್ತೆ. ಸುಜುಕಿಯಿಂದ ತರಿಸಿ ಮಾರೋದು ಸುಲಭ, ಅದಕ್ಕೇ ಮಾಡ್ತಿಲ್ಲ.

ಬಲೆನೊ ಕೆಟ್ಟ ಕಾರು ಅಂತ ನಾನು ಹೇಳ್ತಿಲ್ಲ, ಒಳ್ಳೆಯದೇ. ಒಳ್ಳೆಯದಾದ್ರೆ ಬಲೆನೊ ಅಂತಲೇ ತಗೊಳ್ಳಿ. ಗ್ಲಾಂಜಾ ಬುಕ್ ಮಾಡೋ ಮುಂಚೆ ಎರಡರ ಆನ್‌ರೋಡ್ ಬೆಲೆಯನ್ನೂ ಒಂದೇ ಹಾಳೆಯಲ್ಲಿ ಬರೆದು ಪಕ್ಕಪಕ್ಕ ಇಡಿ. ವ್ಯತ್ಯಾಸ ಎಷ್ಟೋ ಅಷ್ಟು ಲಾಂಛನದ ಬೆಲೆ. ಕೊಡೋದೋ ಬೇಡವೋ ನಿಮಗೆ ಬಿಟ್ಟದ್ದು.

ಭಾವ ಇನ್ನೂ ತೀರ್ಮಾನ ಮಾಡಿಲ್ಲ. ನಿನ್ನೆ ಮತ್ತೆ ಫೋನ್ ಮಾಡಿ, "ಸೆಕೆಂಡ್ ಹ್ಯಾಂಡ್ ಇಟಿಯೋಸ್ ಒಂದಿದೆಯಂತೆ, ನೋಡಿಕೊಂಡು ಬರೋಣ ಬಾ" ಅಂದ್ರು. ಭಾನುವಾರ ಹೋಗ್ತಿದ್ದೀವಿ.