ಕಿರಣ ಮಿತವಾಗಿ, ಚಿತ್ರ ನಿಚ್ಚಳವಾಗಿ
ಮುಸ್ಸಂಜೆಯಲ್ಲಿ ವಿದುರಾಶ್ವತ್ಥಕ್ಕೆ ಹೋದವರಿಗೆ ಸಾಲುಸಾಲು ನಾಗರಕಲ್ಲುಗಳು ಕಾಣುತ್ತವೆ. ಹೆಡೆಯ ಸಣ್ಣ ಗೆರೆಗಳು ಮಾತ್ರ ದೀಪ ಹಿಡಿದಲ್ಲದೆ ಕಾಣವು. ಕ್ಷ-ಕಿರಣ ಚಿತ್ರದ ನಿಯಮವೂ ಇದೇ. ಆದರೆ ಬೆಳಕಿನಿಂದ ಕಲ್ಲಿಗೆ ಕೇಡಿಲ್ಲ. ಕ್ಷ-ಕಿರಣ ಹೆಚ್ಚಿದಂತೆ ದೇಹಕ್ಕೆ ಅಪಾಯವೂ ಹೆಚ್ಚುತ್ತದೆ.

ಚಿತ್ರದ ಒಂದೊಂದು ಚುಕ್ಕೆಯ ಅಗಲವನ್ನು ಅರ್ಧಕ್ಕಿಳಿಸಿದರೆ ಅದರ ವಿಸ್ತಾರ ಕಾಲುಭಾಗವಾಗುತ್ತದೆ. ಚುಕ್ಕೆಗೆ ಮೊದಲಿನಷ್ಟೇ ಕಿರಣ ಸಿಗಬೇಕಾದರೆ ರೋಗಿಯ ಮೇಲೆ ನಾಲ್ಕರಷ್ಟು ಹಾಯಬೇಕು!

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಮೀಕ್ಷೆಗಳಲ್ಲಿ ಹಳ್ಳಿಗರ ಎದೆಯ ಚಿತ್ರವನ್ನು ಕಿರು ಫಿಲ್ಮಿನಲ್ಲಿ ತೆಗೆಯುತ್ತಿದ್ದರು. ಕಿರಣ ತಾಗಿ ಹೊಳೆಯುವ ಪರದೆಯನ್ನು ಕ್ಯಾಮರಾದಿಂದ ಸೆರೆಹಿಡಿಯುವ, ಅಂದು ಜಗತ್ತಿನೆಲ್ಲೆಡೆ ಇದ್ದ ವಿಧಾನವದು. ಪರದೆಯ ಬೆಳಕಿನ ಬಹುಪಾಲು ಮಸೂರವನ್ನು ತಲುಪದು. ಹೀಗಾಗಿ ಫಿಲ್ಮಿನ ಖರ್ಚು ಇಳಿದರೂ ಕಿರಣದ ಖರ್ಚು ದೊಡ್ಡ ಫಿಲ್ಮಿಗಿಂತ ಹೆಚ್ಚೇ. ಉಳಿತಾಯ ಯಾರದೆಂದು ಕೇಳಬೇಕಾದ ಪ್ರಸಂಗ!

ಪರದೆಯನ್ನು ದಪ್ಪಗೊಳಿಸಿದರೆ ಕಿರಣ ಪೋಲಾಗದು, ನಿಜ. ಆದರೆ ಬೆಳಕು ಪಕ್ಕಕ್ಕೆ ಹರಡಿ ಚಿತ್ರ ಮಸುಕಾಗುತ್ತದೆ. ಇಂದಿನ ಹಲವು ಯಂತ್ರಗಳಲ್ಲಿರುವ ಸೀಸಿಯಂ ಅಯೊಡೈಡಿನ ಹರಳುಗಳು ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿವೆ. ಸೂಜಿಗಳಂತೆ ಒತ್ತೊತ್ತಾಗಿ ನಿಂತ ಇವು ಬೆಳಕನ್ನು ಅತ್ತಿತ್ತ ಹರಿಯಗೊಡದೆ ನೇರವಾಗಿ ಇಳಿಸುತ್ತವೆ.

ಇಷ್ಟಾದರೂ ಮಗು ಅಲುಗಿದರೆ ಚಿತ್ರ ಕೆಟ್ಟು ಮತ್ತೊಮ್ಮೆ ಕಿರಣ ಹಾಯಿಸಬೇಕಾಗುತ್ತದೆ. ಮನೆಯಲ್ಲಿರುವ ಹಳೆಯ ಚಿತ್ರವನ್ನು ವೈದ್ಯರಿಗೆ ತೋರಿಸಿದರೆ ಎಷ್ಟೋ ಸಲ ಹೊಸದೇ ಬೇಡವಾಗುತ್ತದೆ.