ಮೊದಲು ಕೋಣೆ, ಆಮೇಲೆ ಮೈಕ್

ನಮ್ಮ ಕಾಲೇಜಿನಲ್ಲಿ ನಾತ್ ಹಾಡುವವರಿಗೆ ಕೊರತೆಯಿಲ್ಲ. ಈಗ ಹಲವರು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ರೆಕಾರ್ಡಿಂಗ್ ಕಲಿಯಲು ಹೊರಟಿದ್ದಾರೆ. ಸಂತೋಷ. ಆದರೆ ಎಲ್ಲರ ಮೊದಲ ಪ್ರಶ್ನೆ 'ಯಾವ ಮೈಕ್ ತಗೊಳ್ಳಲಿ?' ಎಂಬುದು. ನನ್ನ ಪ್ರಕಾರ 'ಯಾವ ಕೋಣೆಯಲ್ಲಿ ಹಾಡಲಿ?' ಎಂದು ಮೊದಲು ಕೇಳಬೇಕು.

ಬರಿಗೋಡೆ, ಟೈಲ್ಸ್ ನೆಲಕ್ಕೆ ಬಡಿದ ದನಿ ಮತ್ತೆ ಮೈಕಿಗೇ ಬರುತ್ತದೆ. ದಫ್ ಇಲ್ಲದ ನಾತ್‌ನಲ್ಲಿ ದನಿಯೊಂದೇ ಇರುವುದರಿಂದ ಈ ಪ್ರತಿಧ್ವನಿ, ಫ್ಯಾನಿನ ಸದ್ದು ಎಲ್ಲವೂ ಎದ್ದು ಕೇಳುತ್ತವೆ. ಕಂಡೆನ್ಸರ್ ಮೈಕ್ ತುಂಬಾ ಸೂಕ್ಷ್ಮ. ಅದು ಇವನ್ನು ಇನ್ನಷ್ಟು ಹಿಡಿಯುತ್ತದೆ. ಹಾಸಿಗೆ, ದಪ್ಪ ಪರದೆ, ಬಟ್ಟೆ ತುಂಬಿದ ಕಪಾಟು ಇರುವ ಮಲಗುವ ಕೋಣೆಯೇ ನಮ್ಮಂಥವರ ಸ್ಟುಡಿಯೋ. ಗೋಡೆಗೆ ಕಂಬಳಿ ತೂಗುಹಾಕಿ, ಫ್ಯಾನ್ ನಿಲ್ಲಿಸಿ, ಮೈಕಿನಿಂದ ಒಂದು ಗೇಣು ದೂರದಲ್ಲಿ ಹಾಡಿ.

ಸಾಫ್ಟ್‌ವೇರಿಗೂ ಹಣ ಬೇಡ. 2000ದಲ್ಲಿ ಬಂದ ಅಡಾಸಿಟಿ ಇಂದಿಗೂ ಉಚಿತ. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20,000 ಹರ್ಟ್ಸ್‌ವರೆಗೆ. ಅದರ ಎರಡು ಪಟ್ಟಿಗಿಂತ ಹೆಚ್ಚಿರುವ 44,100 ಸ್ಯಾಂಪಲ್ ದರ ನಮಗೆ ಸಾಕು. ಮೀಟರ್ ಮಾತ್ರ ಕೆಂಪು ಮುಟ್ಟಬಾರದು. ಒಡೆದ ದನಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ.

'ಎಕೋ ಹಾಕಿದರೆ ಎಲ್ಲ ಸರಿಹೋಗುತ್ತದೆ' ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಎಕೋ ಹೆಚ್ಚಾದರೆ ಮೊದಲು ಮುಳುಗುವುದು ಪದಗಳು. ಪ್ರವಾದಿಯವರ (ಸ) ಪ್ರಶಂಸೆಯ ಮಾತೇ ಕೇಳಿಸದಿದ್ದರೆ ಆ ನಾತ್ ಯಾರಿಗಾಗಿ?

ಆದ್ದರಿಂದ ಮೈಕಿಗಾಗಿ ಮನೆಯಲ್ಲಿ ದುಡ್ಡು ಕೇಳುವ ಮುನ್ನ ಒಂದು ಕೆಲಸ ಮಾಡಿ. ಒಂದೇ ಬೈತನ್ನು ಫೋನಿನಲ್ಲಿ ಎರಡು ಸಲ ರೆಕಾರ್ಡ್ ಮಾಡಿ: ಒಮ್ಮೆ ಖಾಲಿ ಕೋಣೆಯಲ್ಲಿ, ಒಮ್ಮೆ ಮಲಗುವ ಕೋಣೆಯಲ್ಲಿ. ಇಯರ್‌ಫೋನ್ ಹಾಕಿ ಕೇಳಿ. ಆಮೇಲೆ ಅಂಗಡಿಗೆ ಹೋಗಿ.