ಹಿಂದಕ್ಕೆ ಬರಬಹುದು, ಹಿಂದಕ್ಕೆ ಪಡೆಯಲಾಗದು

ಮೊಬೈಲ್ ಫೋನಿನಲ್ಲಿ ನಾವು ಯೋಚನೆಯನ್ನೇ ಮಾಡದೆ ಒತ್ತುವ ಗುಂಡಿಯೊಂದಿದೆ. ಅದೇ ‘ಬ್ಯಾಕ್’, ಅಂದರೆ ಹಿಂದಕ್ಕೆ ಹೋಗುವ ಗುಂಡಿ. ಬೇಡದ ಪುಟ ತೆರೆದುಕೊಂಡಿತೇ? ಬ್ಯಾಕ್. ಓದಿ ಮುಗಿಯಿತೇ? ಬ್ಯಾಕ್. ಏನಾಯಿತೆಂದು ತಿಳಿಯದೆ ಗಾಬರಿಯಾಯಿತೇ? ಆಗಲೂ ಬ್ಯಾಕ್. ಮನೆಯ ಹಿರಿಯರಂತೂ ಈ ಗುಂಡಿಯನ್ನು ಆಪದ್ಬಾಂಧವನೆಂದೇ ನಂಬಿದ್ದಾರೆ. ಆದರೆ ಆಪದ್ಬಾಂಧವ ಕೆಲವೊಮ್ಮೆ ಕೈಕೊಡುವುದುಂಟು. ಅರ್ಧ ಗಂಟೆ ಕೂತು ತುಂಬಿದ ವಿದ್ಯಾರ್ಥಿವೇತನದ ಅರ್ಜಿ ಒಂದೇ ಒತ್ತಿಗೆ ಮಾಯವಾಗುತ್ತದೆ. ಇತ್ತ, ಈಗ ಬೇಡವೆಂದು ಅರ್ಧದಲ್ಲೇ ಹಿಂದಕ್ಕೆ ಬಂದ ಶುಲ್ಕ ಮಾತ್ರ ಬ್ಯಾಂಕಿನ ಖಾತೆಯಿಂದ ಕಟ್ಟಿಹೋಗಿರುತ್ತದೆ. ಉಳಿಯಬೇಕಾದದ್ದು ಅಳಿಯಿತು, ಅಳಿಯಬೇಕಾದದ್ದು ಉಳಿಯಿತು. ಹೀಗೇಕೆ?

ಇದನ್ನು ತಿಳಿದುಕೊಳ್ಳಲು ಎರಡು ಕಾರಣಗಳಿವೆ. ಒಂದು, ಪ್ರವೇಶ ಪರೀಕ್ಷೆ, ವಿದ್ಯಾರ್ಥಿವೇತನ ಮುಂತಾದ ಹಲವು ಅರ್ಜಿಗಳನ್ನು ಈಗ ಮನೆಯಲ್ಲೇ ಕೂತು ಫೋನಿನಲ್ಲಿ ತುಂಬುತ್ತೇವೆ. ಎರಡು, ಈ ಅಂಕಣ ಓದುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನಾಳೆ ಆ್ಯಪ್ ಬರೆಯುವವರು. ಬ್ಯಾಕ್ ಗುಂಡಿಯ ಸ್ವಭಾವ ಅರಿಯದೆ ಬರೆದ ಆ್ಯಪ್, ಯಾರದೋ ಅರ್ಧ ಗಂಟೆಯ ಶ್ರಮವನ್ನು ನುಂಗಿಬಿಡುತ್ತದೆ.

ಮೊದಲು ಗುಂಡಿಯ ಚರಿತ್ರೆ ನೋಡೋಣ. 2007ರಲ್ಲಿ ಬಂದ ಮೊದಲ ಐಫೋನಿನ ಮುಖದ ಮೇಲೆ ಇದ್ದದ್ದು ‘ಹೋಮ್’ ಎಂಬ ಒಂದೇ ಗುಂಡಿ. ಹಿಂದಕ್ಕೆ ಹೋಗುವ ದಾರಿಯನ್ನು ಆಯಾ ಆ್ಯಪ್ ತನ್ನ ಪರದೆಯ ಮೇಲೆಯೇ ತೋರಿಸಬೇಕಾಗಿತ್ತು. ಮರುವರ್ಷ, 2008ರಲ್ಲಿ, ಆಂಡ್ರಾಯ್ಡ್‌ನ ಮೊದಲ ಫೋನು ಬಂತು. ಅದರಲ್ಲಿ ಹೋಮ್ ಜೊತೆಗೆ ಬ್ಯಾಕ್ ಎಂಬ ನಿಜವಾದ ಗುಂಡಿಯೂ ಇತ್ತು. 2011ರ ಹೊತ್ತಿಗೆ ಕೆಲವು ಫೋನುಗಳಲ್ಲಿ ಈ ಗುಂಡಿ ಪರದೆಯ ಕೆಳ ಅಂಚಿನ ಒಂದು ಚಿತ್ರವಾಯಿತು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಲ್ಲಿ, ಆ ಚಿತ್ರವೂ ಬೇಡ ಎನ್ನುವವರಿಗೆ ಬೇರೆ ಏರ್ಪಾಡಾಯಿತು: ಪರದೆಯ ಎಡ ಅಥವಾ ಬಲ ಅಂಚಿನಿಂದ ಒಳಕ್ಕೆ ಬೆರಳು ಎಳೆದರೆ ಅದೇ ಬ್ಯಾಕ್. ಗುಂಡಿ ಹೋಯಿತು, ಗುಂಡಿಯ ಕೆಲಸ ಉಳಿಯಿತು.

ಗುಂಡಿ ಒತ್ತಿದಾಗ ಒಳಗೆ ಏನಾಗುತ್ತದೆ? ಶಾಲೆಯ ಗಂಟೆಯನ್ನು ನೆನಪಿಸಿಕೊಳ್ಳಿ. ಪಾಠ ಮಾಡುವ ಮೇಷ್ಟರು ನಿಮಿಷಕ್ಕೊಮ್ಮೆ ಹೊರಗೆ ಬಂದು ‘ಪೀರಿಯಡ್ ಮುಗಿಯಿತೇ?’ ಎಂದು ಇಣುಕುವುದಿಲ್ಲ. ತಮ್ಮ ಪಾಡಿಗೆ ಪಾಠ ಮಾಡುತ್ತಿರುತ್ತಾರೆ. ಗಂಟೆ ಹೊಡೆದಾಗ ಪುಸ್ತಕ ಮುಚ್ಚುತ್ತಾರೆ. ಆ್ಯಪ್ ಕೂಡ ಹೀಗೆಯೇ ತನ್ನ ಪಾಡಿಗೆ ಇರುತ್ತದೆ. ಕೀಲಿ ಒತ್ತಿದಾಗ ಫೋನಿನ ಕಾರ್ಯಾಚರಣ ವ್ಯವಸ್ಥೆ ‘ಇಂಥ ಕೀಲಿ ಒತ್ತಲಾಗಿದೆ’ ಎಂಬ ಸುದ್ದಿ ಕಳಿಸುತ್ತದೆ. ಈ ಸುದ್ದಿಗೆ ‘ಇವೆಂಟ್’, ಅಂದರೆ ಘಟನೆ ಎಂದು ಹೆಸರು. ಪ್ರತಿಯೊಂದು ಕೀಲಿಗೂ ಹಾಜರಿ ಪುಸ್ತಕದಲ್ಲಿರುವಂತೆ ಒಂದು ಸಂಖ್ಯೆ ಇದೆ. ಆಂಡ್ರಾಯ್ಡ್‌ನಲ್ಲಿ ಹೋಮ್‌ನ ಸಂಖ್ಯೆ 3, ಬ್ಯಾಕ್‌ನದು 4, ಧ್ವನಿ ಹೆಚ್ಚಿಸುವ ಕೀಲಿಯದು 24, ಕಡಿಮೆ ಮಾಡುವ ಕೀಲಿಯದು 25.

ನಮಗೆ ಒಂದೇ ಎನಿಸುವ ಒತ್ತು ಯಂತ್ರಕ್ಕೆ ಎರಡು ಘಟನೆ. ಬೆರಳು ಕೀಲಿಯನ್ನು ಅದುಮಿದ್ದು ಒಂದು, ಬಿಟ್ಟದ್ದು ಇನ್ನೊಂದು. ಇವೆರಡರ ನಡುವೆ ಹೆಚ್ಚು ಹೊತ್ತು ಕಳೆದರೆ ಅದನ್ನು ‘ದೀರ್ಘ ಒತ್ತು’ ಎಂದು ಎಣಿಸಲಾಗುತ್ತದೆ. 2009ರಲ್ಲಿ ಬಂದ ಆಂಡ್ರಾಯ್ಡ್ 2.0ರಲ್ಲಿ ಒಂದು ಜಾಣತನದ ಬದಲಾವಣೆಯಾಯಿತು. ಬ್ಯಾಕ್‌ನ ಕೆಲಸ ಬೆರಳು ಅದುಮಿದಾಗ ಅಲ್ಲ, ಬಿಟ್ಟಾಗ ಆಗಬೇಕು ಎಂದು ನಿಯಮ ಮಾಡಿದರು. ಆಗ ಮುಟ್ಟಿದರೆ ಸಾಕೆನ್ನುವ ಗುಂಡಿಗಳ ಫೋನುಗಳು ಬರತೊಡಗಿದ್ದವು. ಪರದೆಯ ಮೇಲಿದ್ದ ಬೆರಳು ಜಾರಿ ಗುಂಡಿಗೆ ತಗುಲಿದರೆ ಅದನ್ನು ರದ್ದು ಮಾಡಲು ಈ ನಿಯಮದಿಂದ ಅವಕಾಶವಾಯಿತು. ಇಂದಿಗೂ ಅಂಚಿನಿಂದ ಎಳೆದ ಬೆರಳನ್ನು ಎತ್ತದೆ ಮತ್ತೆ ಅಂಚಿನತ್ತ ಒಯ್ದರೆ ಬ್ಯಾಕ್ ರದ್ದಾಗುತ್ತದೆ. ಬೆರಳು ಎತ್ತುವ ತನಕ ಮನಸ್ಸು ಬದಲಿಸಬಹುದು.

ಸುದ್ದಿ ಹೊರಟಿತು. ಅದು ಯಾರಿಗೆ ತಲುಪುತ್ತದೆ? ಶಾಲೆಯಲ್ಲಿ ಜವಾನ ನೋಟಿಸ್ ಪುಸ್ತಕ ಹಿಡಿದು ಕೊಠಡಿಯಿಂದ ಕೊಠಡಿಗೆ ಹೋಗುವುದನ್ನು ನೋಡಿದ್ದೀರಿ. ‘ಈ ಕೆಲಸ ನನ್ನದು’ ಎಂದು ಒಬ್ಬ ಮೇಷ್ಟರು ಸಹಿ ಹಾಕಿದರೆ ಪುಸ್ತಕ ಮುಂದಕ್ಕೆ ಹೋಗುವುದಿಲ್ಲ, ‘ನನ್ನದಲ್ಲ’ ಎಂದರೆ ಪಕ್ಕದ ಕೊಠಡಿಗೆ ಹೋಗುತ್ತದೆ. ಬ್ಯಾಕ್ ಘಟನೆಯೂ ಹಾಗೆಯೇ. ಇದನ್ನು ನೀವೇ ಪರೀಕ್ಷಿಸಬಹುದು. ಸಂದೇಶ ಕಳಿಸುವ ಯಾವುದಾದರೂ ಆ್ಯಪ್ ತೆರೆದು, ಒಬ್ಬರ ಹೆಸರು ಒತ್ತಿ, ಬರೆಯುವ ಜಾಗ ಮುಟ್ಟಿ. ಕೀಲಿಮಣೆ ಮೇಲೇಳುತ್ತದೆ. ಈಗ ಒಮ್ಮೆ ಬ್ಯಾಕ್ ಮಾಡಿ. ಕೀಲಿಮಣೆ ಮಾತ್ರ ಮುಚ್ಚುತ್ತದೆ, ಏಕೆಂದರೆ ಸುದ್ದಿ ಮೊದಲು ತಲುಪಿದ್ದು ಅದಕ್ಕೆ. ಎರಡನೆಯ ಬಾರಿಗೆ ಹೆಸರುಗಳ ಪಟ್ಟಿ. ಮೂರನೆಯ ಬಾರಿಗೆ ಸಾಮಾನ್ಯವಾಗಿ ಆ್ಯಪ್‌ನಿಂದಲೇ ಹೊರಗೆ. ಗುಂಡಿ ಒಂದೇ, ಸಹಿ ಹಾಕಿದವರು ಮೂವರು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಆ್ಯಪ್ ಒಂದು ‘ಈ ಸುದ್ದಿ ನನಗಿರಲಿ’ ಎಂದು ಸಹಿ ಹಾಕಿ, ಏನನ್ನೂ ಮಾಡದೆ ಕೂತರೆ? ಹೌದು, ಹಾಗೆ ಮಾಡುವ ಆ್ಯಪ್‌ಗಳಿವೆ. ಎಷ್ಟು ಒತ್ತಿದರೂ ಜಾಹೀರಾತು ಹೋಗುವುದಿಲ್ಲ. ಈ ಅಪಾಯ ಗೊತ್ತಿದ್ದೇ ಆಂಡ್ರಾಯ್ಡ್ ಹೋಮ್ ಕೀಲಿಯ ಸುದ್ದಿಯನ್ನು ಆ್ಯಪ್‌ಗಳ ಕೈಗೆ ಕೊಡುವುದೇ ಇಲ್ಲ, ತಾನೇ ಇಟ್ಟುಕೊಳ್ಳುತ್ತದೆ. ಧ್ವನಿಯ ಕೀಲಿಯನ್ನು ಆ್ಯಪ್ ಬಳಸಿಕೊಳ್ಳಬಹುದು. ಅದರಿಂದಲೇ ಕೆಲವು ಕ್ಯಾಮೆರಾ ಆ್ಯಪ್‌ಗಳಲ್ಲಿ ಧ್ವನಿಯ ಕೀಲಿ ಒತ್ತಿದರೆ ಫೋಟೊ ತೆಗೆಯುತ್ತದೆ. ಬ್ಯಾಕ್ ಇವೆರಡರ ನಡುವಿನದು. ಅದನ್ನು ನಂಬಿಕೆಯ ಮೇಲೆ ಆ್ಯಪ್‌ಗೆ ಒಪ್ಪಿಸಲಾಗಿದೆ. ಆದ್ದರಿಂದ ಯಾವುದೇ ಆ್ಯಪ್‌ನೊಳಗೆ ಸಿಕ್ಕಿಕೊಂಡಿರಿ ಎನಿಸಿದರೆ ಬ್ಯಾಕ್ ಒತ್ತುತ್ತಾ ಕೂರಬೇಡಿ, ಹೋಮ್ ಮಾಡಿ.

ಈಚೆಗೆ ಈ ನಂಬಿಕೆಗೂ ಒಂದು ಕಟ್ಟುಪಾಡು ಬಂದಿದೆ. 2022ರ ಆಂಡ್ರಾಯ್ಡ್ 13ರಿಂದ ಹೊಸ ಕ್ರಮ ಆರಂಭವಾಯಿತು. ಬ್ಯಾಕ್ ಸುದ್ದಿ ತನಗೆ ಬೇಕಿದ್ದರೆ ಆ್ಯಪ್ ಮೊದಲೇ ಹೆಸರು ನೋಂದಾಯಿಸಬೇಕು. ಯಾರೂ ನೋಂದಾಯಿಸಿಲ್ಲ ಎಂದು ಮುಂಚೆಯೇ ಗೊತ್ತಿದ್ದರೆ, ಬೆರಳು ಇನ್ನೂ ಪರದೆಯ ಮೇಲಿರುವಾಗಲೇ ‘ಬಿಟ್ಟರೆ ಇಲ್ಲಿಗೆ ಹೋಗುತ್ತೀರಿ’ ಎಂದು ಹಿಂದಿನ ಪರದೆಯನ್ನು ಇಣುಕಿ ತೋರಿಸಬಹುದು. 2025ರ ಆಂಡ್ರಾಯ್ಡ್ 16ಕ್ಕೆಂದೇ ಸಿದ್ಧಪಡಿಸಿದ ಆ್ಯಪ್‌ಗಳಿಗೆ 4 ಎಂಬ ಸಂಖ್ಯೆಯ ಹಳೆಯ ಸುದ್ದಿ ಬರುವುದೇ ನಿಂತಿದೆ. ಹಳೆಯ ಪುಸ್ತಕ ನೋಡಿ ಪ್ರೋಗ್ರಾಂ ಕಲಿಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಿಂದಿನ ಪರದೆ ಯಾವುದೆಂದು ಫೋನಿಗೆ ಹೇಗೆ ತಿಳಿಯುತ್ತದೆ? ಮೇಜಿನ ಮೇಲೆ ನೋಟ್‌ಬುಕ್ಕುಗಳ ಅಟ್ಟಿಯನ್ನು ಊಹಿಸಿಕೊಳ್ಳಿ. ಪಾಠದ ಆ್ಯಪ್ ತೆರೆದಿರಿ, ಮೊದಲ ಪುಸ್ತಕ. ಎಂಟನೆಯ ತರಗತಿ ಒತ್ತಿದಿರಿ, ಅದರ ಮೇಲೆ ಎರಡನೆಯದು. ವಿಜ್ಞಾನ, ಮೂರನೆಯದು. ಬೆಳಕಿನ ಪಾಠ, ನಾಲ್ಕನೆಯದು. ಕಣ್ಣಿಗೆ ಕಾಣುವುದು ಎಲ್ಲಕ್ಕಿಂತ ಮೇಲಿರುವುದು ಮಾತ್ರ. ಬ್ಯಾಕ್ ಎಂದರೆ ಮೇಲಿನ ಪುಸ್ತಕವನ್ನು ತೆಗೆ ಎಂದರ್ಥ. ಕೊನೆಗೆ ಇಟ್ಟದ್ದು ಮೊದಲು ಹೊರಬರುತ್ತದೆ. ಗಣಕಶಾಸ್ತ್ರದಲ್ಲಿ ಇದಕ್ಕೆ ‘ಸ್ಟ್ಯಾಕ್’ ಎನ್ನುತ್ತಾರೆ. ಇದು ಹೊಸ ಕಲ್ಪನೆಯೇನಲ್ಲ. ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ 1946ರ ಸುಮಾರಿಗೇ ತಮ್ಮ ಗಣಕಯಂತ್ರದ ಯೋಜನೆಯಲ್ಲಿ ಇದೇ ಉಪಾಯಕ್ಕೆ ‘ಹೂಳು’, ‘ಹೊರತೆಗೆ’ ಎಂಬರ್ಥದ ಹೆಸರುಗಳನ್ನು ಕೊಟ್ಟಿದ್ದರು. ಜರ್ಮನಿಯ ಫ್ರೀಡ್ರಿಖ್ ಬೌವರ್ ಮತ್ತು ಕ್ಲಾಸ್ ಸಾಮೆಲ್ಸನ್ 1957ರಲ್ಲಿ ಇದಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದರು.

ಈಗ ಮೊದಲು ಕೇಳಿದ ‘ಹೀಗೇಕೆ’ಗೆ ಉತ್ತರ ಹೊಳೆದಿರಬಹುದು. ಅಟ್ಟಿಗೆ ಗೊತ್ತಿರುವುದು ನಾವು ಬಂದ ದಾರಿ ಮಾತ್ರ. ದಾರಿಯಲ್ಲಿ ನಾವು ಮಾಡಿದ ಕೆಲಸ ಅದಕ್ಕೆ ಗೊತ್ತಿಲ್ಲ. ಅಂಚೆ ಡಬ್ಬಿಗೆ ಕಾಗದ ಹಾಕಿ, ಹೋದ ದಾರಿಯಲ್ಲೇ ಮನೆಗೆ ಹಿಂತಿರುಗಿದರೆ ಕಾಗದವೂ ಹಿಂತಿರುಗುತ್ತದೆಯೇ? ಶುಲ್ಕ ಕಟ್ಟುವ ಗುಂಡಿ ಒತ್ತಿ ಗುಪ್ತಸಂಖ್ಯೆ ಕೊಟ್ಟಾಗ ಸುದ್ದಿ ಫೋನಿನಿಂದ ಹೊರಟು ಬ್ಯಾಂಕಿನ ಗಣಕವನ್ನು ಮುಟ್ಟುತ್ತದೆ. ಆಮೇಲೆ ಬ್ಯಾಕ್ ಒತ್ತಿದರೆ ನಮ್ಮ ಅಟ್ಟಿಯ ಮೇಲಿನ ಪುಸ್ತಕ ತೆಗೆದಂತಾಗುತ್ತದೆಯೇ ಹೊರತು ಬ್ಯಾಂಕಿನ ಲೆಕ್ಕದ ಸಾಲು ಅಳಿಸಿದಂತಾಗುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಮಾಡಿದ್ದನ್ನು ರದ್ದುಪಡಿಸಲು ಬೇರೆಯದೇ ವ್ಯವಸ್ಥೆ ಬೇಕು, ಅದು ಬ್ಯಾಕ್‌ನ ಕೆಲಸವಲ್ಲ.

ಅರ್ಜಿ ಮಾಯವಾದದ್ದೂ ಇದೇ ಕಾರಣಕ್ಕೆ, ತಿರುವುಮುರುವಾಗಿ. ಅರ್ಧ ತುಂಬಿದ ಅರ್ಜಿ ಮೇಲಿನ ಪುಸ್ತಕದ ಹಾಳೆಯಲ್ಲಿ ಮಾತ್ರ ಇತ್ತು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಪುಸ್ತಕ ತೆಗೆದೊಡನೆ ಬರಹವೂ ಹೋಯಿತು. ಹೊರಗೆ ಹೋದದ್ದು ಹಿಂದಕ್ಕೆ ಬಾರದು, ಒಳಗೇ ಇದ್ದದ್ದು ಉಳಿಯದು.

ಆ್ಯಪ್ ಬರೆಯುವವರು ಇದಕ್ಕೆ ಏನು ಮಾಡಬೇಕು? ಬ್ಯಾಕ್ ಒತ್ತಿದಾಗ ‘ನಿಜವಾಗಿಯೂ ಹೊರಹೋಗಬೇಕೇ?’ ಎಂದು ಕೇಳುವುದು ಒಂದು ವಿಧಾನ. ಆದರೆ ಪದೇ ಪದೇ ಕೇಳಿದ ಪ್ರಶ್ನೆಗೆ ಬೆರಳು ಓದದೆಯೇ ‘ಹೌದು’ ಎನ್ನುತ್ತದೆ. ಮೇಲಾಗಿ ಪರದೆ ಬಿಟ್ಟು ಹೋಗಲು ಬ್ಯಾಕ್ ಒಂದೇ ದಾರಿಯಲ್ಲ. ಕರೆ ಬರಬಹುದು, ಬ್ಯಾಟರಿ ಮುಗಿಯಬಹುದು. ಹಿಂದೆ ಸರಿದ ಆ್ಯಪ್‌ನ್ನು ಜಾಗ ಸಾಲದೆ ಫೋನೇ ಮುಚ್ಚಿಬಿಡಬಹುದು. ಆದ್ದರಿಂದ ಬರೆದಂತೆಲ್ಲ ಉಳಿಸುತ್ತಾ ಹೋಗುವುದೇ ಮೇಲು. ಮರಳಿ ತೆರೆದಾಗ ಬಿಟ್ಟಲ್ಲಿಂದಲೇ ಮುಂದುವರಿಯುವಂತಿರಬೇಕು. ಹಣದ ವಿಷಯದಲ್ಲಿ ಇನ್ನೊಂದು ಉಪಾಯ: ಪ್ರತಿ ಪಾವತಿಗೂ ಚಲನ್‌ಗೆ ಇರುವಂತೆ ಒಂದು ಬೇರೆ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆಯ ಸುದ್ದಿ ಎರಡು ಸಲ ಬಂದರೂ ಆ ಕಡೆಯ ಗಣಕ ಒಂದೇ ಎಂದು ಎಣಿಸಬೇಕು. ಆಗ ಅವಸರದ ಬೆರಳು ಎರಡು ಸಲ ಒತ್ತಿದರೂ ಹಣ ಎರಡು ಸಲ ಹೋಗದು.

ಕನ್ನಡದಲ್ಲಿ ಬರೆಯುವ ಆ್ಯಪ್ ಮಾಡುವವರಿಗೆ ಇನ್ನೊಂದು ಮಾತು. ಪರದೆಯ ಮೇಲಿನ ಕೀಲಿಮಣೆ ಪ್ರತಿ ಒತ್ತಿಗೂ ಕೀಲಿ ಘಟನೆ ಕಳಿಸುತ್ತದೆ ಎಂಬ ಖಾತರಿ ಇಲ್ಲ. ಅದು ಸಿದ್ಧವಾದ ಪಠ್ಯವನ್ನೇ ಒಟ್ಟಾಗಿ ಒಪ್ಪಿಸಬಹುದು. ಒತ್ತುಗಳನ್ನು ಎಣಿಸಿ ಅಕ್ಷರ ಎಣಿಸಿದೆವೆಂದರೆ ಲೆಕ್ಕ ತಪ್ಪುತ್ತದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಮೂರು ವ್ಯಂಜನ, ಅವನ್ನು ಬೆಸೆಯುವ ಎರಡು ಹಲಂತ, ಮೇಲೊಂದು ಈಕಾರ, ಒಟ್ಟು 6 ಸಂಕೇತ. ಅಳಿಸುವ ಕೀಲಿ ಒತ್ತಿದಾಗ ಹಲವು ಕೀಲಿಮಣೆಗಳಲ್ಲಿ ಕೊನೆಯ ಸಂಕೇತ ಮೊದಲು ಹೋಗಿ ‘ಸ್ತ್ರ’ ಉಳಿಯುತ್ತದೆ. ಇಲ್ಲಿಯೂ ಅಟ್ಟಿಯ ನಿಯಮವೇ.

ಪೋಷಕರು ನೆನಪಿಡಬೇಕಾದದ್ದು ಇಷ್ಟು. ಉದ್ದದ ಅರ್ಜಿಯಾದರೆ ಉತ್ತರಗಳನ್ನು ಮೊದಲು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಉಳಿಸುವ ಗುಂಡಿ ಕೊಟ್ಟಿದ್ದರೆ ಪುಟಕ್ಕೊಮ್ಮೆ ಒತ್ತಿ. ‘ಹಿಂದಕ್ಕೆ ಹೋಗಬೇಡಿ’ ಎಂದು ಪಾವತಿಯ ಪುಟ ಹೇಳಿದರೆ ಕಾಯಿರಿ. ಕೈತಪ್ಪಿ ಬ್ಯಾಕ್ ಆದರೆ ಕೂಡಲೇ ಮತ್ತೆ ಕಟ್ಟಬೇಡಿ. ಬ್ಯಾಂಕಿನ ಸಂದೇಶ ನೋಡಿ, ಖಾತೆ ನೋಡಿ, ಪಾವತಿಯ ಗುರುತು ಸಂಖ್ಯೆ ಬರೆದಿಟ್ಟುಕೊಂಡು ಆಮೇಲೆ ಮುಂದುವರಿಯಿರಿ. ಮಗ ಅಥವಾ ಮಗಳು ತುಂಬಿದ್ದು ಅಳಿಸಿಹೋದರೆ ಗದರಬೇಡಿ. ತಪ್ಪು ಅನೇಕ ವೇಳೆ ಮಗುವಿನ ಬೆರಳಿನದಲ್ಲ, ಉಳಿಸಲು ಮರೆತ ಪ್ರೋಗ್ರಾಮಿನದು.

ಮಕ್ಕಳೇ, ಈ ವಾರದ ಕೆಲಸ: ಹತ್ತು ಕಾಗದದ ಚೀಟಿ ಮಾಡಿಕೊಳ್ಳಿ. ಫೋನಿನ ಸೆಟ್ಟಿಂಗ್ಸ್ ತೆರೆದು ಒಳಗೊಳಗೆ ಹೋಗುತ್ತಾ, ಪ್ರತಿ ಪರದೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಒಂದರ ಮೇಲೊಂದು ಇಡಿ. ಆಮೇಲೆ ಬ್ಯಾಕ್ ಒತ್ತುತ್ತಾ ಒಂದೊಂದೇ ಚೀಟಿ ತೆಗೆಯಿರಿ. ಪರದೆಗೂ ಚೀಟಿಗೂ ತಾಳೆಯಾಗುತ್ತದೆಯೇ ನೋಡಿ. ಇನ್ನೊಮ್ಮೆ ಒಳಗೆ ಹೋಗಿ, ನಡುವೆ ಹೋಮ್ ಮಾಡಿ, ಸೆಟ್ಟಿಂಗ್ಸ್ ಅನ್ನು ಮತ್ತೆ ತೆರೆಯಿರಿ. ಚೀಟಿಗಳ ಅಟ್ಟಿ ಹಾಗೆಯೇ ಇದೆಯೇ, ಕರಗಿದೆಯೇ? ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಕಾರಣವನ್ನೂ ಒಂದು ಸಾಲಿನಲ್ಲಿ ಸೇರಿಸಿ.